ಮೋಟಾರ್ ಸೈಕಲ್ ಸವಾರ ಮೈಕ್ ಹೇಲ್‌ವುಡ್

ನಾಗಸಂದ್ರದಲ್ಲಿರುವ ನಮ್ಮ ಅಕ್ಕನ ಮನೆಯ ನಡುಮನೆ ವರ್ಷದಲ್ಲಿ ಹತ್ತು ಹನ್ನೆರಡು ಭಾನುವಾರಗಳಂದು ಸಂಜೆ ಐದೂವರೆಗೆ ಮುಂಚೆಯೇ ತುಂಬಿಹೋಗುತ್ತದೆ. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ವಾರವೆಲ್ಲ ಲೇತಿನ ಮುಂದೆ ನಿಂತು ದುಡಿಯುವ ಏಳೆಂಟು ಮಂದಿ ತರುಣರು ಚಾಪೆಯ ಮೇಲೂ ದಿವಾನದ ಅಂಚಿನ ಮೇಲೂ ಒತ್ತಿಕೊಂಡು ಕೂರುತ್ತಾರೆ. ಯೂರೋಪಿನಲ್ಲಿ ಆಗ ಮಧ್ಯಾಹ್ನ ಎರಡು ಗಂಟೆ; ಮೋಟಾರ್ ಸೈಕಲ್ಲುಗಳ ಗ್ರ್ಯಾನ್ ಪ್ರಿ ಪಂದ್ಯ ಮೊದಲಾಗುವ ಹೊತ್ತು. ಇವರ ಹಬ್ಬ ನಿಜವಾಗಿ ಶುಕ್ರವಾರವೇ ಆರಂಭವಾಗಿರುತ್ತದೆ. ಅಂದು ಅಭ್ಯಾಸದ ಓಟ, ಶನಿವಾರ ಯಾರು ಯಾವ ಸಾಲಿನಲ್ಲಿ ನಿಂತು ಹೊರಡಬೇಕೆಂಬುದರ ನಿರ್ಣಯ, ಮತ್ತು 2023ರಿಂದ ಈಚೆಗೆ ಅರ್ಧದಷ್ಟು ದೂರದ ಒಂದು ಮರಿ ಪಂದ್ಯ, ಭಾನುವಾರ ಮಹಾಪಂದ್ಯ. ಮೂರು ದಿನವೂ ಇವರ ಜೇಬಿನಲ್ಲಿರುವ ಫೋನುಗಳು ಯಾವನೋ ಇಟಲಿಯವನು ಯಾವನೋ ಸ್ಪೇನಿನವನಿಗಿಂತ ಸೆಕೆಂಡಿನ ಸಾವಿರದ ಎಷ್ಟನೆಯ ಭಾಗ ಮುಂದಿದ್ದಾನೆ ಎಂಬ ಲೆಕ್ಕವನ್ನು ಒಪ್ಪಿಸುತ್ತಲೇ ಇರುತ್ತವೆ. ಲೇತಿನಲ್ಲಿ ಕೆಲಸ ಮಾಡುವವರಿಗೆ ಸಾವಿರದ ಒಂದು ಭಾಗವೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ನಿವೃತ್ತನಾದ ಇಂಗ್ಲಿಷ್ ಮೇಷ್ಟ್ರು. ಈ ಕೂಟದಲ್ಲಿ ವಯಸ್ಸಿನ ಕಾರಣದಿಂದ ನನಗೊಂದು ಬೆತ್ತದ ಕುರ್ಚಿ ದೊರೆಯುತ್ತದೆ. ಈಚೆಗೆ ಒಂದು ಸಂಜೆ ಪಂದ್ಯ ಮುಗಿದ ಮೇಲೆ ಹುಡುಗರಲ್ಲೊಬ್ಬನು ಮೂಲೆಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಯನ್ನು ತೋರಿಸಿ, ಅದರ ಮುಚ್ಚಳದ ಮೇಲೆ ಕೆತ್ತಿರುವುದು ಯಾರ ಹೆಸರೆಂದು ಕೇಳಿದನು. ಅದು ನಮ್ಮ ಭಾವನವರ ಉಪಕರಣಗಳ ಪೆಟ್ಟಿಗೆ. ಅದರ ಮೇಲೆ ಅವರು ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೇಲ್‌ವುಡ್ ಎಂದು ಕನ್ನಡದಲ್ಲಿ ಬರೆದು, ಕೆಳಗೆ 12 ಎಂಬ ಅಂಕಿಯನ್ನು ಕೆತ್ತಿದ್ದರು. ಅದು ಕಾರ್ಖಾನೆಯ ಹೆಸರಿರಬೇಕೆಂದೂ ಹನ್ನೆರಡು ಪೆಟ್ಟಿಗೆಯ ನಂಬರೆಂದೂ ಆ ಹುಡುಗ ಇಷ್ಟು ದಿನ ಎಣಿಸಿದ್ದನಂತೆ. ಅವನಿಗೆ ಅಂದು ಅರ್ಧ ಗಂಟೆಯಲ್ಲಿ ಹೇಳಿದ್ದು ಸಾಲದೆ ಹೋಯಿತು. ಅದಕ್ಕಾಗಿ ಈ ಲೇಖನ.

ಭಾವನವರಿಗೆ ಇಂಗ್ಲಿಷ್ ಬಾರದು; ನನಗೆ ಯಂತ್ರ ತಿಳಿಯದು. 1978ರ ಕೊನೆಯಲ್ಲಿ ಅವರು ಅವೆನ್ಯೂ ರಸ್ತೆಯ ಕಾಲುದಾರಿಯ ಮೇಲೆ ಹರವಿದ್ದ ಹಳೆಯ ಪುಸ್ತಕಗಳ ರಾಶಿಯಿಂದ ಒಂದು ಇಂಗ್ಲಿಷ್ ಪತ್ರಿಕೆಯನ್ನು ಕೊಂಡು ತಂದರು. ರಕ್ಷಾಪುಟ ಅರ್ಧ ಹರಿದಿತ್ತು. ಉಳಿದರ್ಧದಲ್ಲಿ ಕೆಂಪು, ಹಸಿರು, ಬಿಳಿ ಬಣ್ಣಗಳ ಒಂದು ಡುಕಾಟಿ. ಅದರ ಮೇಲೆ ಮಲಗಿದಂತೆ ಬಗ್ಗಿರುವ ಸವಾರ. ಮುಂದೆ 12 ಎಂಬ ಅಂಕಿ. ನಾನಾಗ ಹೊಸದಾಗಿ ಮೇಷ್ಟರ ಕೆಲಸಕ್ಕೆ ಸೇರಿದ್ದೆ. ರಾತ್ರಿ ಊಟವಾದ ಮೇಲೆ ನಾನು ಓದಿ ಕನ್ನಡದಲ್ಲಿ ಹೇಳುವುದು, ಯಂತ್ರದ ಮಾತು ಬಂದಲ್ಲಿ ಅವರು ನನಗೆ ಬಿಡಿಸಿ ಹೇಳುವುದು ಎಂದು ಒಪ್ಪಂದವಾಯಿತು. ಆ ಒಂದು ಪತ್ರಿಕೆಯ ಹಿಂದೆ ಹತ್ತಾರು ಬಂದವು. ಹೀಗೆ ಇಬ್ಬರು ಅರ್ಧ ಅರ್ಧ ಬಲ್ಲವರು ಸೇರಿ ಒಬ್ಬ ಪೂರ್ಣ ಮನುಷ್ಯನ ಜೀವನವನ್ನು ತಿಳಿದುಕೊಂಡೆವು. ಭಾವನವರ ಬಳಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಹಳೆಯ ಜಾವಾ ಇತ್ತು. 1979ರ ಫೆಬ್ರವರಿಯಲ್ಲಿ ಅದರ ಹಿಂದಿನ ಸೀಟಿನ ಮೇಲೆ ಕುಳಿತು ನಾನು ಮದರಾಸಿನಾಚೆಯ ಶೋಲಾವರಕ್ಕೆ, ಮಹಾಯುದ್ಧದ ಕಾಲದ ವಿಮಾನದ ನೆಲದ ಮೇಲೆ ನಡೆಯುತ್ತಿದ್ದ ಪಂದ್ಯಗಳನ್ನು ನೋಡಲು ಹೋದದ್ದೂ ಉಂಟು. ಬಿಸಿಲು, ಧೂಳು, ಹೊಗೆ, ಕಿವಿ ಕಿವುಡಾಗುವ ಸದ್ದು. ಮೂರು ದಿನ ನನ್ನ ಬೆನ್ನು ನೋವಾಗಿತ್ತು. ಅದರ ವರ್ಣನೆ ಇಲ್ಲಿ ಬೇಡ.

ಸ್ಟ್ಯಾನ್ಲಿ ಮೈಕೇಲ್ ಬೇಲಿ ಹೇಲ್‌ವುಡ್ ಹುಟ್ಟಿದ್ದು 1940ರ ಏಪ್ರಿಲ್ 2ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರಾಂತದ ಗ್ರೇಟ್ ಮಿಲ್ಟನ್ ಎಂಬ ಹಳ್ಳಿಯಲ್ಲಿ. ತಂದೆ ಸ್ಟ್ಯಾನ್ ಹೇಲ್‌ವುಡ್ ಮೋಟಾರ್ ಸೈಕಲ್ ವ್ಯಾಪಾರದಲ್ಲಿ ಲಕ್ಷಗಟ್ಟಲೆ ಗಳಿಸಿದವನು. ತಾರುಣ್ಯದಲ್ಲಿ ತಾನೂ ಪಂದ್ಯಗಳಲ್ಲಿ ಓಡಿಸಿದ್ದವನು. ಮಗ ಏಳೆಂಟು ವರ್ಷದವನಿರುವಾಗಲೇ ಮನೆಯ ಸುತ್ತಣ ಹುಲ್ಲುಗಾವಲಿನಲ್ಲಿ ಪುಟ್ಟ ಮೋಟಾರ್ ಸೈಕಲ್ಲನ್ನು ಓಡಿಸುತ್ತಿದ್ದನು. ಪ್ಯಾಂಗ್‌ಬೋರ್ನಿನ ನೌಕಾ ಶಾಲೆಗೆ ಸೇರಿಸಿದರೆ ಅಲ್ಲಿ ಮುಷ್ಟಿಯುದ್ಧ ಕಲಿತನೇ ಹೊರತು ನೌಕೆಯ ಮೇಲೆ ಮನಸ್ಸು ನಿಲ್ಲಲಿಲ್ಲ. ಬಿಟ್ಟು ಬಂದು ಕೆಲಕಾಲ ಟ್ರಯಂಫ್ ಕಾರ್ಖಾನೆಯಲ್ಲಿ ಕೆಲಸ ಮಾಡಿದನು. 1957ರ ಏಪ್ರಿಲ್ 22ರಂದು, ಹದಿನೇಳು ತುಂಬಿ ಇಪ್ಪತ್ತು ದಿನಕ್ಕೆ, ಔಲ್ಟನ್ ಪಾರ್ಕಿನಲ್ಲಿ ಮೊದಲ ಪಂದ್ಯ. ಹನ್ನೊಂದನೆಯವನಾಗಿ ಬಂದನು.

ಆ ಕಾಲದ ಸವಾರರಲ್ಲಿ ಹೆಚ್ಚಿನವರು ಕೂಲಿ ನಾಲಿ ಮಾಡಿ ಒಂದು ಗಾಡಿ ಕೊಂಡು, ಹಳೆಯ ವ್ಯಾನಿನಲ್ಲಿ ಅದನ್ನು ಹೇರಿಕೊಂಡು, ಅದರಲ್ಲೇ ಮಲಗಿ ಊರಿಂದೂರಿಗೆ ಅಲೆಯುತ್ತಿದ್ದವರು. ಅವರ ನಡುವೆ ಈ ಹುಡುಗನಿಗೆ ತಂದೆ ಒಂದರ ಹಿಂದೊಂದು ಹೊಸ ಗಾಡಿ ಕೊಡಿಸಿದನು. ನುರಿತ ಮೆಕ್ಯಾನಿಕ್ಕರನ್ನು ನೇಮಿಸಿದನು. ಚಳಿಗಾಲದಲ್ಲಿ ಅಭ್ಯಾಸ ತಪ್ಪಬಾರದೆಂದು ದಕ್ಷಿಣ ಆಫ್ರಿಕಕ್ಕೆ ಕಳಿಸಿದನು. ಅಪ್ಪನ ದುಡ್ಡು ಓಡುತ್ತಿದೆಯೇ ಹೊರತು ಮಗನಲ್ಲ ಎಂಬ ಮಾತು ಹುಟ್ಟಿದ್ದು ಸಹಜ. ಭಾವನವರಿಗೂ ಈ ಭಾಗ ರುಚಿಸಲಿಲ್ಲ. ಶ್ರೀಮಂತರ ಮಕ್ಕಳ ಕಥೆ ಓದಲು ಎರಡು ರೂಪಾಯಿ ಕೊಟ್ಟೆನಲ್ಲ ಎಂದು ಪೇಚಾಡಿಕೊಂಡರು. ಆದರೆ ಹಣದಿಂದ ಗಾಡಿ ಬರುತ್ತದೆ. ತಿರುವಿನಲ್ಲಿ ಅದನ್ನು ಎಷ್ಟು ವಾಲಿಸಬೇಕೆಂಬ ಅರಿವು ಬರುವುದಿಲ್ಲ. ಹೇಲ್‌ವುಡ್ಡನಿಗೆ ಯಂತ್ರದ ಜ್ಞಾನ ತೀರ ಕಡಮೆಯಾಗಿತ್ತಂತೆ. ಗಾಡಿ ಹೇಗಿದ್ದರೂ ಅದರ ಸ್ವಭಾವಕ್ಕೆ ತನ್ನನ್ನು ಹೊಂದಿಸಿಕೊಂಡು ಓಡಿಸಿಬಿಡುತ್ತಿದ್ದನು. ಇದನ್ನು ಕೇಳಿದ ಮೇಲೆ ಭಾವನವರು ಸ್ವಲ್ಪ ಮೆತ್ತಗಾದರು. ಒಳ್ಳೆಯ ಲೇತಿನಲ್ಲಿ ಎಲ್ಲರೂ ಕೆಲಸ ಮಾಡುತ್ತಾರೆ, ಸವೆದ ಲೇತಿನಲ್ಲಿ ಅಳತೆ ಹಿಡಿಯುವವನೇ ಕೆಲಸಗಾರ ಎಂಬುದು ಅವರ ಸಿದ್ಧಾಂತ.

ಅವನ ಮೊದಲ ಗ್ರ್ಯಾನ್ ಪ್ರಿ ಗೆಲುವು 1959ರಲ್ಲಿ, ಅಲ್ಸ್ಟರಿನಲ್ಲಿ, 125 ಸಿ.ಸಿ.ಯ ಡುಕಾಟಿಯ ಮೇಲೆ. ಆದರೆ ಅವನ ಹೆಸರನ್ನು ಜನ ಬಾಯಿಪಾಠ ಮಾಡಿದ್ದು ಐಲ್ ಆಫ್ ಮ್ಯಾನ್ ದ್ವೀಪದಿಂದ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಆ ಸಣ್ಣ ದ್ವೀಪದಲ್ಲಿ 1907ರಿಂದ ಟೂರಿಸ್ಟ್ ಟ್ರೋಫಿ ಎಂಬ ಪಂದ್ಯ ನಡೆಯುತ್ತ ಬಂದಿದೆ. 1949ರಿಂದ 1976ರವರೆಗೆ ಅದೇ ಬ್ರಿಟನ್ನಿನ ಗ್ರ್ಯಾನ್ ಪ್ರಿಯೂ ಆಗಿತ್ತು. ಅದಕ್ಕಾಗಿ ಕಟ್ಟಿದ ಮೈದಾನವೇನೂ ಇಲ್ಲ. ಊರಿನ ರಸ್ತೆಗಳನ್ನೇ ಮುಚ್ಚುತ್ತಾರೆ. ಒಂದು ಸುತ್ತು ಮೂವತ್ತೇಳು ಮುಕ್ಕಾಲು ಮೈಲಿ. ಎಂದರೆ ನಾಗಸಂದ್ರದಿಂದ ತುಮಕೂರಿಗೆ ಇರುವಷ್ಟು ದೂರ. ಮನೆಗಳ ಬಾಗಿಲು, ಕಲ್ಲಿನ ಕಾಂಪೌಂಡು, ಚರ್ಚು, ಸೇತುವೆ, ದೀಪದ ಕಂಬ, ಕೊನೆಗೆ ಮಂಜು ಮುಸುಕಿದ ಬೆಟ್ಟ, ಇವುಗಳ ನಡುವೆ ದಾರಿ. ಸವಾರರು ಒಟ್ಟಿಗೆ ಹೊರಡದೆ ಕೆಲವು ಸೆಕೆಂಡುಗಳ ಅಂತರದಲ್ಲಿ ಹೊರಡುವುದರಿಂದ ಯಾರು ಮುಂದೆ ಯಾರು ಹಿಂದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಗಡಿಯಾರಕ್ಕೆ ಮಾತ್ರ ಗೊತ್ತು. ಹಾಗಾಗಿ ಅಲ್ಲಿಯ ಅಭಿಮಾನಿಗಳ ರೀತಿಯೇ ಬೇರೆ. ಅವರು ಒಂದು ವಾರ ಮೊದಲೇ ತಮ್ಮ ಗಾಡಿಗಳನ್ನು ಹಡಗಿಗೆ ಹೇರಿಕೊಂಡು ಬರುತ್ತಾರೆ. ಹಿಂದೆಲ್ಲ ಮುಂಜಾವದ ಅಭ್ಯಾಸವನ್ನು ನೋಡಲು ಇಬ್ಬನಿಯಲ್ಲಿ ಗೋಡೆಯ ಮೇಲೆ ಕೂರುತ್ತಿದ್ದರು. ಪಂದ್ಯದ ದಿನ ಮಡಿಲಲ್ಲಿ ರೇಡಿಯೋ, ಕೈಯಲ್ಲಿ ಗಡಿಯಾರ, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಪ್ರತಿ ಸವಾರನ ವೇಳೆಯನ್ನು ತಾವೇ ಗುರುತುಹಾಕುತ್ತಾರೆ. ಎದುರಿಗೆ ಗಾಡಿ ಹಾದುಹೋಗುವುದು ಒಂದೇ ಕ್ಷಣ. ಮತ್ತೆ ಅದು ಬರುವವರೆಗೆ ಆಗ ಇಪ್ಪತ್ತು ನಿಮಿಷ ಕಾಯಬೇಕಾಗಿತ್ತು.

1961ರ ಜೂನಿನಲ್ಲಿ ಇವರ ಕಾಗದಗಳ ಮೇಲೆ ಹೇಲ್‌ವುಡ್ಡನ ಹೆಸರೇ ಮತ್ತೆ ಮತ್ತೆ ಬಂದಿತು. 125 ಸಿ.ಸಿ. ಮತ್ತು 250 ಸಿ.ಸಿ. ಪಂದ್ಯಗಳನ್ನು ಹೋಂಡಾದ ಮೇಲೆ ಗೆದ್ದನು. ಜಪಾನಿನ ಆ ಕಂಪನಿ ಎರಡು ವರ್ಷದ ಹಿಂದಷ್ಟೇ ಅಲ್ಲಿ ಕಾಲಿಟ್ಟಿತ್ತು. ಅದಕ್ಕೆ ದ್ವೀಪದಲ್ಲಿ ಮೊದಲ ಜಯವನ್ನು ತಂದುಕೊಟ್ಟವನು ಇವನೇ. 350ರಲ್ಲಿಯೂ ಮುಂದಿದ್ದನು, ಇನ್ನೇನು ಕೊನೆಯ ಕೆಲವು ಮೈಲಿ ಎನ್ನುವಾಗ ಪಿಸ್ಟನ್ನಿನ ಪಿನ್ನು ತುಂಡಾಯಿತು. ಈ ಸಾಲನ್ನು ಓದಿದ ರಾತ್ರಿ ಭಾವನವರು ಎದ್ದುಹೋಗಿ ಪೆಟ್ಟಿಗೆಯಿಂದ ಬೆರಳ ದಪ್ಪದ ಒಂದು ಪಿನ್ನು ತಂದು ನನ್ನ ಅಂಗೈಯಲ್ಲಿಟ್ಟರು. ನಾಲ್ಕನೆಯ ಜಯವನ್ನು ತಪ್ಪಿಸಿದ್ದು ಅಷ್ಟು ಚಿಕ್ಕ ವಸ್ತು. ವಾರದ ಕೊನೆಗೆ 500 ಸಿ.ಸಿ.ಯ ಹಿರಿಯ ಪಂದ್ಯವನ್ನು ಒಂಟಿ ಸಿಲಿಂಡರಿನ ನಾರ್ಟನ್ ಮೇಲೆ, ಗಂಟೆಗೆ ನೂರು ಮೈಲಿಗೂ ಮಿಕ್ಕ ಸರಾಸರಿಯಲ್ಲಿ ಗೆದ್ದನು. ಒಂದೇ ವಾರದಲ್ಲಿ ಮೂರು ಟ್ರೋಫಿ ಗೆದ್ದವರು ಅಲ್ಲಿಯವರೆಗೆ ಇರಲಿಲ್ಲ. ಆಗ ಅವನಿಗೆ ಇಪ್ಪತ್ತೊಂದು. ಆ ವರ್ಷವೇ 250 ಸಿ.ಸಿ.ಯ ವಿಶ್ವವಿಜೇತನೂ ಆದನು. ಅಪ್ಪನ ದುಡ್ಡಿನ ಮಾತು ಅಲ್ಲಿಗೆ ನಿಂತಿತು.

ಇಟಲಿಯ ಎಂ.ವಿ. ಅಗುಸ್ಟಾ ಕಂಪನಿ ಅವನನ್ನು ಕರೆದುಕೊಂಡಿತು. 1962ರಿಂದ 1965ರವರೆಗೆ ಸತತವಾಗಿ ನಾಲ್ಕು ವರ್ಷ 500 ಸಿ.ಸಿ.ಯ ವಿಶ್ವಪ್ರಶಸ್ತಿ ಅವನದೇ. ಈ ಗೆಲುವುಗಳನ್ನು ಎಣಿಸುತ್ತ ಹೋದರೆ ಲೇಖನ ಪಂಚಾಂಗವಾದೀತು. ಎರಡನ್ನು ಮಾತ್ರ ಹೇಳುತ್ತೇನೆ. 1964ರ ಫೆಬ್ರವರಿಯಲ್ಲಿ ಅಮೆರಿಕದ ಡೇಟೋನದಲ್ಲಿ ಬೆಳಗ್ಗೆ ಒಂದು ಗಂಟೆ ಕಾಲ ನಿಲ್ಲದೆ ಓಡಿಸಿ 144 ಮೈಲಿಗೂ ಹೆಚ್ಚು ಕ್ರಮಿಸಿ ಜಗತ್ತಿನ ದಾಖಲೆ ಮಾಡಿದನು. ಇಳಿದು ದಣಿವಾರಿಸಿಕೊಂಡು ಅದೇ ದಿನ ಅಲ್ಲಿಯ ಗ್ರ್ಯಾನ್ ಪ್ರಿಯನ್ನೂ ಗೆದ್ದನು. ಇನ್ನೊಂದು 1965ರ ದ್ವೀಪದ ಪಂದ್ಯ. ಅಂದು ಮಳೆ. ಸಾರಾಸ್ ಕಾಟೇಜ್ ಎಂಬಲ್ಲಿಯ ತಿರುವಿನಲ್ಲಿ ಅವನ ಜೊತೆಗಾರ, ಇಟಲಿಯ ಜಿಯಾಕೊಮೊ ಅಗೊಸ್ತಿನಿ ಜಾರಿ ಬಿದ್ದನು. ಮುಂದಿನ ಸುತ್ತಿನಲ್ಲಿ ಹೇಲ್‌ವುಡ್ಡನೂ ಅಲ್ಲಿಯೇ ಬಿದ್ದನು. ಗಾಜು ಒಡೆದು, ಹ್ಯಾಂಡಲ್ಲು ಸೊಟ್ಟಗಾಗಿ, ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ಗಾಡಿಯನ್ನು ಎತ್ತಿ ನಿಲ್ಲಿಸಿ, ಹ್ಯಾಂಡಲ್ಲನ್ನು ಬಗ್ಗಿಸಿ ಸರಿಮಾಡಿಕೊಂಡು ಹೊರಟು ಗೆದ್ದುಬಿಟ್ಟನು.

ಇಂಥ ಕಥೆಗಳನ್ನು ಹೇಳುವಾಗ ಬಿದ್ದು ಏಳದವರ ಹೆಸರುಗಳನ್ನು ಬಿಟ್ಟುಬಿಡುವುದು ನಮ್ಮ ವಾಡಿಕೆ. 1962ರ ಜೂನಿನಲ್ಲಿ ದ್ವೀಪದ ಪಂದ್ಯದಲ್ಲೇ ಆಸ್ಟ್ರೇಲಿಯದ ಟಾಮ್ ಫಿಲಿಸ್ ಮಡಿದನು. ಆ ದುಃಖದಲ್ಲಿ ಅವನ ಸ್ನೇಹಿತ ಗ್ಯಾರಿ ಹಾಕಿಂಗ್ ಮೋಟಾರ್ ಸೈಕಲ್ಲನ್ನೇ ತೊರೆದು ಕಾರಿನ ಪಂದ್ಯಗಳಿಗೆ ಹೋದನು. ಡಿಸೆಂಬರಿನಲ್ಲಿ ಅಲ್ಲಿ ತಾನೇ ಮಡಿದನು. ನಡುವೆ ಆಗಸ್ಟಿನಲ್ಲಿ ಬಾಬ್ ಮೆಕಿನ್‌ಟೈರ್ ಹೋದನು. 1969ರಲ್ಲಿ ಹೇಲ್‌ವುಡ್ಡನ ಆಪ್ತಮಿತ್ರ ಬಿಲ್ ಐವಿ ಜರ್ಮನಿಯಲ್ಲಿ ಸತ್ತನು. ಅವನು ಓಡಿಸುತ್ತಿದ್ದುದು ಜೆಕೊಸ್ಲೊವಾಕಿಯದ ಜಾವಾ. ಆ ಹೆಸರು ಬಂದ ಕೂಡಲೆ ಭಾವನವರು ನನ್ನನ್ನು ತಡೆದರು. ಹೊರಗೆ ತಮ್ಮ ಜಾವಾ ನಿಂತಿದ್ದ ಕಡೆ ಒಮ್ಮೆ ನೋಡಿ, ಮುಂದೆ ಓದೆಂದು ಕೈಸನ್ನೆ ಮಾಡಿದರು. ಅಡಿಗೆಮನೆಯಲ್ಲಿದ್ದ ಅಕ್ಕ ಇದನ್ನು ಕೇಳಿಸಿಕೊಂಡಳೆಂದು ನನಗೆ ತಿಳಿದದ್ದು ಮೂವತ್ತಮೂರು ವರ್ಷಗಳ ಮೇಲೆ.

1966ರಲ್ಲಿ ಹೇಲ್‌ವುಡ್ ಮತ್ತೆ ಹೋಂಡಾಕ್ಕೆ ಬಂದನು. ಆರು ಸಿಲಿಂಡರಿನ 250 ಸಿ.ಸಿ.ಯ ಗಾಡಿಯ ಮೇಲೆ ಎರಡು ವರ್ಷ, 350ರಲ್ಲಿ ಅದೇ ಎರಡು ವರ್ಷ ವಿಶ್ವಪ್ರಶಸ್ತಿ. ಆದರೆ 500 ಸಿ.ಸಿ.ಯ ಹೋಂಡಾಕ್ಕೆ ಎಂಜಿನ್ನಿನಲ್ಲಿದ್ದ ಬಲ ಚೌಕಟ್ಟಿನಲ್ಲಿರಲಿಲ್ಲ. ತಿರುವಿನಲ್ಲಿ ಅದು ಮೀನಿನಂತೆ ಬಳುಕುತ್ತಿತ್ತು. ಎದುರಾಳಿ, ಅವನು ಬಿಟ್ಟುಬಂದ ಎಂ.ವಿ.ಯನ್ನು ಓಡಿಸುತ್ತಿದ್ದ ಅಗೊಸ್ತಿನಿ. 1967ರ ಜೂನಿನ ಹಿರಿಯ ಪಂದ್ಯ ಇವರಿಬ್ಬರ ನಡುವೆ ನಡೆಯಿತು. ಆ ವಾರ 250ನ್ನೂ 350ನ್ನೂ ಆಗಲೇ ಹೇಲ್‌ವುಡ್ ಗೆದ್ದಿದ್ದನು. ಆರು ಸುತ್ತು, ನಾಗಸಂದ್ರದಿಂದ ತುಮಕೂರಿಗೆ ಮೂರು ಸಲ ಹೋಗಿ ಬಂದಷ್ಟು. ಮೊದಲ ಸುತ್ತಿನಲ್ಲಿ ಅಗೊಸ್ತಿನಿ ಮುಂದು. ಎರಡನೆಯದರಲ್ಲಿ ಹೇಲ್‌ವುಡ್ ಗಂಟೆಗೆ 108.77 ಮೈಲಿಯ ವೇಗದಲ್ಲಿ ಸುತ್ತಿ ಬಂದನು. ಇಪ್ಪತ್ತೊಂದು ನಿಮಿಷ ತುಂಬುವ ಮೊದಲು ಒಂದು ಸುತ್ತು. ಬೆಳಗ್ಗೆ ಕಚೇರಿಯ ಹೊತ್ತಿಗೆ ನಾಗಸಂದ್ರದಿಂದ ಗೊರಗುಂಟೆಪಾಳ್ಯ ತಲುಪಲು ನನಗೆ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಕಾಲ ಬೇಕಾದ ದಿನಗಳುಂಟು. ಆ ದಾಖಲೆ ಎಂಟು ವರ್ಷ ಮುರಿಯದೆ ನಿಂತಿತು.

ನಡುವೆ ಅವನ ಬಲಗೈಯ ಆಕ್ಸಿಲರೇಟರಿನ ಹಿಡಿ ಸಡಿಲಾಗಿ ಹ್ಯಾಂಡಲ್ಲಿನಿಂದ ಕಳಚಿ ಬರತೊಡಗಿತು. ಪೆಟ್ರೋಲಿಗೆ ನಿಂತಾಗ ಸುತ್ತಿಗೆ ಕೇಳಿ ಪಡೆದು ತಾನೇ ಹೊಡೆದು ಕೂರಿಸಿದನು; ಅದು ಮತ್ತೆ ಸಡಿಲಾಯಿತು. ಅದನ್ನು ಒಳಕ್ಕೆ ಒತ್ತಿ ಹಿಡಿದುಕೊಂಡೇ, ಬಳುಕುವ ಆ ಗಾಡಿಯ ಮೇಲೆ ಉಳಿದ ಸುತ್ತುಗಳನ್ನು ಓಡಿಸಿದನು. ಭಾವನವರು ಹೊರಗೆ ಹೋಗಿ ಜಾವಾದ ಹಿಡಿಯನ್ನು ನನ್ನ ಕೈಯಲ್ಲಿ ಹಿಡಿಸಿ, ತಿರುಗಿಸುತ್ತಲೇ ಒಳಕ್ಕೆ ಒತ್ತಿ ನೋಡೆಂದರು. ಎರಡು ನಿಮಿಷಕ್ಕೆ ನನ್ನ ಮಣಿಕಟ್ಟು ಸೋತುಹೋಯಿತು. ಐದನೆಯ ಸುತ್ತಿನಲ್ಲಿ ಬೆಟ್ಟದ ಮೇಲೆ ಅಗೊಸ್ತಿನಿಯ ಚೈನು ತುಂಡಾಯಿತು. ಅವನು ಇಳಿಜಾರಿನಲ್ಲಿ ಉರುಳಿಸಿಕೊಂಡೇ ಬಂದು ಸೇರಿದನು. ಹೇಲ್‌ವುಡ್ ಗೆದ್ದನು. ಇಬ್ಬರ ಸ್ನೇಹಕ್ಕೆ ಇದರಿಂದ ಏನೂ ಊನ ಬರಲಿಲ್ಲವೆಂಬುದನ್ನು ಇಬ್ಬರನ್ನೂ ಬಲ್ಲವರು ಹೇಳುತ್ತಾರೆ. ಆ ವರ್ಷದ ಕೊನೆಗೆ 500 ಸಿ.ಸಿ.ಯಲ್ಲಿ ಇಬ್ಬರಿಗೂ ಐದೈದು ಜಯ, ನಲವತ್ತಾರು ನಲವತ್ತಾರು ಅಂಕ. ಎರಡನೆಯ ಸ್ಥಾನಗಳು ಅಗೊಸ್ತಿನಿಗೆ ಹೆಚ್ಚಾಗಿದ್ದುದರಿಂದ ಪ್ರಶಸ್ತಿ ಅವನಿಗೆ ಹೋಯಿತು.

ಅನಂತರ ಹೋಂಡಾ ಪಂದ್ಯಗಳಿಂದಲೇ ಹಿಂದೆ ಸರಿಯಿತು. ಇವನು ಬೇರೆಯವರ ಗಾಡಿ ಓಡಿಸದಿರಲೆಂದು ಐವತ್ತು ಸಾವಿರ ಪೌಂಡು ಕೊಟ್ಟಿತು. ಒಂಬತ್ತು ವಿಶ್ವಪ್ರಶಸ್ತಿ, ಎಪ್ಪತ್ತಾರು ಗ್ರ್ಯಾನ್ ಪ್ರಿ ಜಯಗಳ ಸವಾರ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕೆಲಸವಿಲ್ಲದೆ ಸಂಬಳ ಪಡೆಯುವವನಾದನು. ಕಾರುಗಳ ಕಡೆ ತಿರುಗಿದನು. ಅಲ್ಲಿ ಅವನು ಮಹಾಪುರುಷನೇನೂ ಆಗಲಿಲ್ಲ. 1971ರಲ್ಲಿ ಇಟಲಿಯ ಮೊನ್ಜಾದಲ್ಲಿ ಮೊದಲಿಗನಿಗಿಂತ ಸೆಕೆಂಡಿನ ಐದನೆಯ ಒಂದು ಭಾಗವೂ ತಡವಾಗದೆ ಬಂದು ನಾಲ್ಕನೆಯವನಾದನು ಎಂಬುದು ಅವನ ಅದೃಷ್ಟದ ಒಂದು ಮಾದರಿ.

ಆದರೆ 1973ರ ಮಾರ್ಚ್ 3ರಂದು ದಕ್ಷಿಣ ಆಫ್ರಿಕದ ಕಯಲಾಮಿಯಲ್ಲಿ ನಡೆದುದನ್ನು ಹೇಳದೆ ಬಿಡುವಂತಿಲ್ಲ. ಮೂರನೆಯ ಸುತ್ತಿನಲ್ಲಿ ಕಾರುಗಳು ಡಿಕ್ಕಿ ಹೊಡೆದವು. ಸ್ವಿಟ್ಜರ್ಲೆಂಡಿನ ಕ್ಲೇ ರೆಗಾಜ಼ೋನಿ ಪ್ರಜ್ಞೆ ತಪ್ಪಿ ಉರಿಯುವ ಕಾರಿನಲ್ಲಿ ಸಿಕ್ಕಿಬಿದ್ದನು. ಹೇಲ್‌ವುಡ್ ತನ್ನ ಕಾರಿನಿಂದ ಹಾರಿ, ಬೆಂಕಿಯೊಳಗೆ ಕೈಹಾಕಿ ಅವನ ಬೆಲ್ಟನ್ನು ಬಿಚ್ಚತೊಡಗಿದನು. ಅಷ್ಟರಲ್ಲಿ ತನ್ನ ಬಟ್ಟೆಗೇ ಬೆಂಕಿ ಹತ್ತಿತು. ಹೊರಗೆ ಬಂದು ಅದನ್ನು ಆರಿಸಿಕೊಂಡು ಮತ್ತೆ ಬೆಂಕಿಗೆ ಹೋಗಿ ಅವನನ್ನು ಎಳೆದು ತಂದನು. ಬ್ರಿಟನ್ ಅವನಿಗೆ ಜಾರ್ಜ್ ಪದಕ ಕೊಟ್ಟಿತು. ಆ ಸಂಜೆ ಇದರ ವಿಷಯ ಮನೆಯವರಿಗೆ ಅವನು ಹೇಳಲೇ ಇಲ್ಲ, ಮರುದಿನದ ಪತ್ರಿಕೆ ನೋಡಿ ಅವರಿಗೆ ತಿಳಿಯಿತು ಎನ್ನುತ್ತಾರೆ. ಒಮ್ಮೆ ನುಗ್ಗುವುದು ಕ್ಷಣದ ಆವೇಗವಿರಬಹುದು. ಸುಟ್ಟುಕೊಂಡ ಮೇಲೆ ಎರಡನೆಯ ಸಲ ನುಗ್ಗುವುದು ಬೇರೆ ವಿಷಯ. ಅವನ ಎಪ್ಪತ್ತಾರು ಜಯಗಳಿಗಿಂತ ನಾನು ಇದನ್ನು ದೊಡ್ಡದಾಗಿ ಎಣಿಸುತ್ತೇನೆ. ಭಾವನವರು ಒಪ್ಪುತ್ತಿರಲಿಲ್ಲ, ಅವರಿಗೆ ಆಕ್ಸಿಲರೇಟರಿನ ಹಿಡಿಯೇ ದೊಡ್ಡದು.

1974ರ ಆಗಸ್ಟಿನಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗಿನಲ್ಲಿ ಕಾರು ತಡೆಗೋಡೆಗೆ ಬಡಿದು ಕಾಲು ನುಜ್ಜಾಯಿತು. ಕಾರಿನ ಪಂದ್ಯಗಳು ಮುಗಿದವು. ಕುಂಟುತ್ತ ನಡೆಯುವ ಹೇಲ್‌ವುಡ್, ಹೆಂಡತಿ ಪಾಲಿನ್ ಮತ್ತು ಮಕ್ಕಳೊಂದಿಗೆ ನ್ಯೂಜಿಲೆಂಡಿಗೆ ಹೋಗಿ ನೆಲೆಸಿದನು. ಬಿಡುವಿನಲ್ಲಿ ಸ್ಯಾಕ್ಸೊಫೋನು ನುಡಿಸುವ, ಆಗೀಗ ಹಳೆಯ ಗಾಡಿ ಓಡಿಸುವ ಮನುಷ್ಯ. ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ. ಮ್ಯಾಂಚೆಸ್ಟರಿನ ಸ್ಟೀವ್ ವಿನ್ ಎಂಬ ವ್ಯಾಪಾರಿ ಅವನಿಗಾಗಿ ಒಂದು ಡುಕಾಟಿಯನ್ನು ಸಿದ್ಧಪಡಿಸಿದನು. 1978ರ ಜೂನ್ 3ರಂದು, ಹನ್ನೊಂದು ವರ್ಷಗಳ ತರುವಾಯ, ಮೂವತ್ತೆಂಟು ವಯಸ್ಸಿನ, ತಲೆಗೂದಲು ವಿರಳವಾದ ಹೇಲ್‌ವುಡ್ ದ್ವೀಪದಲ್ಲಿ ಮತ್ತೆ ಗಾಡಿ ಏರಿದನು. ಅವನಿಗೆ ಹುಚ್ಚು ಹಿಡಿದಿದೆಯೆಂದವರು ಬಹಳ. ಹಳೆಯ ಹೆಸರಿಗೆ ಮಸಿ ಬಳಿದುಕೊಳ್ಳುತ್ತಾನೆಂದು ಮರುಗಿದವರು ಇನ್ನೂ ಬಹಳ. ಆದರೂ ಜನ ಬಂದರು. 1967ರಲ್ಲಿ ತರುಣರಾಗಿ ಗೋಡೆಯ ಮೇಲೆ ಕುಳಿತವರು ಈಗ ಮಕ್ಕಳನ್ನು ಕರೆದುಕೊಂಡು ಅದೇ ಗೋಡೆಗಳಿಗೆ ಬಂದರು. ಎದುರಾಳಿ ಫಿಲ್ ರೀಡ್. ಹಿಂದಿನ ವರ್ಷ ಅದೇ ಪಂದ್ಯ ಗೆದ್ದವನು, ಹೋಂಡಾ ಕಂಪನಿಯ ಸವಾರ. ರೀಡ್ ಮೊದಲೇ ಹೊರಟಿದ್ದನು. ಹೇಲ್‌ವುಡ್ ಆ ಅಂತರವನ್ನೆಲ್ಲ ನುಂಗಿ ರಸ್ತೆಯ ಮೇಲೆಯೇ ಅವನನ್ನು ಹಿಡಿದನು. ಜೊತೆಗೆ ಓಡುವ ಯತ್ನದಲ್ಲಿ ರೀಡನ ಹೋಂಡಾ ಕೈಕೊಟ್ಟಿತು. ರಸ್ತೆ ಕಾಯುವವರು ತಮ್ಮ ಕೆಲಸ ಮರೆತು ಕೈಬೀಸುತ್ತಿದ್ದರಂತೆ. ಗಂಟೆಗೆ 110 ಮೈಲಿಗೂ ಮಿಕ್ಕ ಒಂದು ಸುತ್ತು, ಹದಿಮೂರನೆಯ ಟ್ರೋಫಿ, ಹತ್ತನೆಯ ವಿಶ್ವಪ್ರಶಸ್ತಿ. ಅವನ ಗಾಡಿಯ ಸಂಖ್ಯೆ 12. ಭಾವನವರ ಪೆಟ್ಟಿಗೆಯ ಮೇಲಿರುವುದು ಅದೇ.

ಮರುವರ್ಷ ಸುಜ಼ುಕಿಯ ಮೇಲೆ ಹಿರಿಯ ಪಂದ್ಯವನ್ನೂ ಗೆದ್ದು, ಇನ್ನೊಂದನ್ನು ಅಲೆಕ್ಸ್ ಜಾರ್ಜನಿಗೆ 3.4 ಸೆಕೆಂಡುಗಳಲ್ಲಿ ಸೋತು, ದ್ವೀಪದ ಲೆಕ್ಕವನ್ನು ಹದಿನಾಲ್ಕಕ್ಕೆ ನಿಲ್ಲಿಸಿದನು. ಬರ್ಮಿಂಗ್‌ಹ್ಯಾಮಿನಲ್ಲಿ ರಾಡ್ನಿ ಗೂಲ್ಡ್ ಎಂಬ ಹಳೆಯ ಸವಾರನ ಜೊತೆ ಪಾಲಿನಲ್ಲಿ ಮೋಟಾರ್ ಸೈಕಲ್ ಅಂಗಡಿ ಇಟ್ಟನು. ತಂದೆಯ ಕಸುಬು.

1981ರ ಮಾರ್ಚ್ 21, ಶನಿವಾರ ಸಂಜೆ. ಮನೆಯವರಿಗೆ ಕರಿದ ಮೀನೂ ಆಲೂಗಡ್ಡೆಯೂ ತರಲೆಂದು ಹೇಲ್‌ವುಡ್ ಒಂಬತ್ತು ವರ್ಷದ ಮಗಳು ಮಿಶೆಲ್ ಮತ್ತು ಮಗ ಡೇವಿಡ್‌ರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟನು. ವಾರ್ವಿಕ್ ಪ್ರಾಂತದ ಪೋರ್ಟ್‌ವೇ ಎಂಬಲ್ಲಿ, ಜೋಡಿ ರಸ್ತೆಯ ನಡುವಣ ವಿಭಜಕದ ಸಂದಿನಲ್ಲಿ ಒಂದು ಲಾರಿ ನಿಷೇಧವಿದ್ದರೂ ಅಡ್ಡ ತಿರುಗಿತು. ಮಗಳು ಅಲ್ಲಿಯೇ ತೀರಿಕೊಂಡಳು. ತಂದೆ 23ರಂದು, ನಲವತ್ತೊಂದು ತುಂಬಲು ಹತ್ತು ದಿನವಿರುವಾಗ ತೀರಿಕೊಂಡನು. ಮಗ ಉಳಿದನು. ಲಾರಿಯವನಿಗೆ ನೂರು ಪೌಂಡು ದಂಡವಾಯಿತು.

ನಾನು ಇದನ್ನು ಇಂಗ್ಲಿಷ್ ದಿನಪತ್ರಿಕೆಯ ಒಳಪುಟದ ನಾಲ್ಕಾರು ಸಾಲುಗಳಲ್ಲಿ ಓದಿದೆ. ಶಾಲೆ ಬಿಟ್ಟ ಮೇಲೆ ಪೀಣ್ಯಕ್ಕೆ ಹೋಗಿ ಭಾವನವರಿಗೆ ತಿಳಿಸಿದೆ. ಅವರು ಲೇತನ್ನು ನಿಲ್ಲಿಸಿ, ಎಣ್ಣೆಯ ಕೈಯನ್ನು ಬಟ್ಟೆಗೆ ಒರಸಿಕೊಂಡು, ಯಾವ ಪಂದ್ಯದಲ್ಲಿ ಎಂದು ಕೇಳಿದರು. ಪಂದ್ಯವಲ್ಲ, ಮಕ್ಕಳೊಡನೆ ತಿಂಡಿ ತರಲು ಹೋಗಿದ್ದನೆಂದು ಹೇಳಿದೆ. ನಾನು ತಪ್ಪಾಗಿ ಅನುವಾದಿಸಿದೆನೆಂದು ಅವರಿಗೆ ಅನುಮಾನ ಬಂದಿರಬೇಕು. ಪತ್ರಿಕೆಯನ್ನು ಇಸಿದುಕೊಂಡು, ತಮಗೆ ಓದಲು ಬಾರದ ಆ ಸಾಲುಗಳನ್ನು ಬಹಳ ಹೊತ್ತು ನೋಡಿದರು.

ಭಾವನವರು 2003ರಲ್ಲಿ ತೀರಿಕೊಂಡರು. ಅವರಿಗೆ ಹೇಳಿದ ಕಥೆಗಳನ್ನೆಲ್ಲ ನಾನು ಅವರ ಮಗನಿಗೂ ಹೇಳಿದ್ದೆ. ತಂದೆಯಿಲ್ಲದ ಹುಡುಗನಿಗೆ ಸೋದರಮಾವ ಕೊಡಬಹುದಾದ ಆಸ್ತಿ ನನ್ನಲ್ಲಿ ಅಷ್ಟೇ ಇತ್ತು. ಅವನೂ ಲೇತಿನ ಕೆಲಸಕ್ಕೆ ಸೇರಿದನು, ದುಡಿದು ಒಂದು ಮೋಟಾರ್ ಸೈಕಲ್ ಕೊಂಡನು. 2012ರಲ್ಲಿ, ರಾತ್ರಿ ಪಾಳಿ ಮುಗಿಸಿ ಬರುವಾಗ, ತುಮಕೂರು ರಸ್ತೆಯಲ್ಲಿ ಎಂಟನೇ ಮೈಲಿಗೆ ಸ್ವಲ್ಪ ಈಚೆ, ವಿಭಜಕದ ಸಂದಿನಲ್ಲಿ ಒಂದು ಲಾರಿ ಅಡ್ಡ ತಿರುಗಿತು. ಅವನು ವೇಗವಾಗಿ ಹೋಗುತ್ತಿರಲಿಲ್ಲ. ಇದನ್ನು ಕಂಡವರೂ ಹೇಳಿದರು, ಪೊಲೀಸರೂ ಬರೆದುಕೊಂಡರು. ಬಲಗಾಲಿನಲ್ಲಿ ರಾಡು ಹಾಕಿದರು. ಏಳು ತಿಂಗಳು ಹಾಸಿಗೆಯಲ್ಲಿದ್ದನು.

ಆಸ್ಪತ್ರೆಯ ಹೊರಸಾಲಿನಲ್ಲಿ ಅಕ್ಕ ನನ್ನನ್ನು ನೋಡಿ, ಬಿಲ್ ಐವಿಯ ಹೆಸರು ಹೇಳಿದಳು. ಇಂಗ್ಲಿಷಿನ ಆ ಹೆಸರನ್ನು ಅವಳು ಒಂದಕ್ಷರ ತಪ್ಪದೆ ಹೇಳಿದಳು. ಅಂದು ಅಡಿಗೆಮನೆಯಿಂದ ಕೇಳಿದವಳು ಅದನ್ನು ಅಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಗಂಡನ ಜಾವಾ ಗೇಟಿನ ಹೊರಗೆ ಹೋದಾಗಲೆಲ್ಲ ನೆನೆದಿದ್ದಳು. ಇಂಥ ಕಥೆಗಳನ್ನು ಮಗನ ತಲೆಗೂ ತುಂಬಿದವನು ನಾನೆಂದಳು. ಆಮೇಲೆ ಒಂದು ವರ್ಷ ನನ್ನೊಡನೆ ಮಾತಾಡಲಿಲ್ಲ. ಕಥೆಗೂ ಲಾರಿಗೂ ಸಂಬಂಧವಿಲ್ಲವೆಂದು ವಾದಿಸಬಹುದಾಗಿತ್ತು. ಸಂಬಂಧವಿಲ್ಲವೆಂದು ನನಗೇ ಇಂದಿಗೂ ಪೂರ್ತಿ ಖಚಿತವಿಲ್ಲ. ಹಾಸಿಗೆಯಲ್ಲಿದ್ದ ಹುಡುಗ ಮಾತ್ರ ನ್ಯೂರ್‌ಬರ್ಗ್‌ರಿಂಗಿನ ಕಾಲು ಎಷ್ಟು ದಿನಕ್ಕೆ ಕೂಡಿತೆಂದು ನನ್ನನ್ನು ಕೇಳಿದನು. ಅವನಿಗೆ ನಾನು ಕೊನೆಯ ಅಧ್ಯಾಯವನ್ನು, ನೂರು ಪೌಂಡಿನ ದಂಡವನ್ನು, ಅಲ್ಲಿಯವರೆಗೆ ಹೇಳಿರಲಿಲ್ಲ. ಆಗಲೂ ಹೇಳಲಿಲ್ಲ. ಮುಂದೆ ತಾನೇ ಓದಿ ತಿಳಿದುಕೊಂಡನು. ಆ ವಿಷಯ ನಾವಿಬ್ಬರೂ ಎತ್ತುವುದಿಲ್ಲ.

2023ರ ಸೆಪ್ಟೆಂಬರಿನಲ್ಲಿ ಮೋಟಾರ್ ಸೈಕಲ್ಲುಗಳ ಮಹಾಪಂದ್ಯ ಮೊಟ್ಟಮೊದಲ ಬಾರಿಗೆ ನಮ್ಮ ದೇಶಕ್ಕೆ, ದೆಹಲಿಯ ಬಳಿಯ ಗ್ರೇಟರ್ ನೋಯ್ಡಾಕ್ಕೆ ಬಂದಿತು. ಅಳಿಯನೂ ಅವನ ಮೂವರು ಗೆಳೆಯರೂ ಆರು ತಿಂಗಳ ಮೊದಲಿಂದ ಹಣ ಕೂಡಿಟ್ಟಿದ್ದರು. ಅಕ್ಕ ಹಾಕಿದ ಷರತ್ತು ಒಂದೇ: ಹೋಗುವುದೂ ಬರುವುದೂ ರೈಲಿನಲ್ಲಿ. ಯಶವಂತಪುರದಲ್ಲಿ ರೈಲು ಹತ್ತುವಾಗ ಅವಳೇ ಬುತ್ತಿ ಕಟ್ಟಿಕೊಟ್ಟಳು. ಚಪಾತಿ, ಚಟ್ನಿಪುಡಿ, ಎರಡು ದಿನಕ್ಕಾಗುವಷ್ಟು. ಭಾನುವಾರ 24ರಂದು ಮಧ್ಯಾಹ್ನ ಮೂರೂವರೆಗೆ ಪಂದ್ಯ. ನಡುಮನೆಯಲ್ಲಿ ಹುಡುಗರಿರಲಿಲ್ಲ, ನಾನೊಬ್ಬನೇ ಟಿ.ವಿ. ಹಾಕಿಕೊಂಡು ಕುಳಿತಿದ್ದೆ. ಬಿಸಿಲಿನ ತಾಪಕ್ಕೆ ಸುತ್ತುಗಳನ್ನು ಇಪ್ಪತ್ತೊಂದಕ್ಕೆ ಇಳಿಸಿದ್ದರು. ಇಟಲಿಯ ಮಾರ್ಕೊ ಬೆಜ಼ೆಕ್ಕಿ ಡುಕಾಟಿಯ ಮೇಲೆ ಬಹು ದೂರ ಮುಂದಿದ್ದನು. ನಡುವೆ ಎಲ್ಲೋ ಅಕ್ಕ ಅಡಿಗೆಮನೆಯಿಂದ ಬಂದು ಬಾಗಿಲ ಬಳಿ ನಿಂತಳು. ಇಷ್ಟು ವರ್ಷಗಳಲ್ಲಿ ಅವಳು ಪಂದ್ಯದ ಹೊತ್ತಿನಲ್ಲಿ ಈಚೆಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಅವಳ ಕಣ್ಣು ಗಾಡಿಗಳ ಮೇಲಿರಲಿಲ್ಲ. ಚಿತ್ರ ಪ್ರೇಕ್ಷಕರ ಕಡೆ ತಿರುಗಿದಾಗಲೆಲ್ಲ ಎರಡು ಹೆಜ್ಜೆ ಮುಂದೆ ಬಂದು ಆ ಸಾವಿರಾರು ತಲೆಗಳಲ್ಲಿ ಹುಡುಕುತ್ತಿದ್ದಳು. ನಾನು ಕುರ್ಚಿ ಬಿಟ್ಟುಕೊಟ್ಟೆ, ಕೂರಲಿಲ್ಲ.

ಪಂದ್ಯ ಮುಗಿಯಿತು. ಎರಡನೆಯವನಾಗಿ ಬಂದ ಸ್ಪೇನಿನ ಹುಡುಗ ಜಾರ್ಜ್ ಮಾರ್ಟಿನ್ ದಣಿದು ನೆಲಕ್ಕೆ ಕುಸಿದನು. ಯಾರೋ ಅವನ ಮೇಲೆ ನೀರು ಸುರಿದರು. ಅಕ್ಕ ಅದನ್ನು ನೋಡಿ, ಈ ಮಗುವಿಗೆ ಮನೆಯವರು ಯಾರೂ ಜೊತೆಗೆ ಬಂದಿಲ್ಲವೇ ಎಂದಳು. ಆಮೇಲೆ ಸೆರಗಿನಿಂದ ಮುಖ ಒರಸಿಕೊಂಡು, ವಾಪಸಿನ ರೈಲು ಯಶವಂತಪುರಕ್ಕೆ ಎಷ್ಟು ಗಂಟೆಗೆ ಬರುತ್ತದೆ, ನೋಡಿ ಹೇಳೆಂದು ನನ್ನನ್ನು ಕೇಳಿದಳು.